ಹುಳದ ಮನೆಯ ಮಿಸ್ಡ್ ಕಾಲ್

ತಂತಿ ಸರಿಯಾಗಿದೆ. ಬ್ಯಾಟರಿ ತುಂಬಿದೆ. ಸಿಮ್ಮಿನಲ್ಲಿ ಕರೆನ್ಸಿಯೂ ಇದೆ. ಆದರೂ ಸೆಕೆ ಏರಿದ ಹೊತ್ತಿಗೆ ಸರಿಯಾಗಿ ಇದು ಬಾಯಿ ಮುಚ್ಚಿ ಕೂತರೆ? ಅದಿರಲಿ, ಚಿಕ್ಕಲಕ್ಷ್ಮಮ್ಮ ಇದನ್ನು ಒಳಗೆ ಬಿಟ್ಟುಕೊಳ್ಳುತ್ತಾಳಾ?

ಬೆಳಗಿನ ಜಾವ ಐದು ಗಂಟೆ. ಕೈಲಾಂಚದ ಬೋರಲಿಂಗಯ್ಯ ರೇಷ್ಮೆಹುಳದ ಮನೆಯ ಹೊರಗೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಗಾಜು ಒಡೆದ ಹಳೇ ಮೊಬೈಲು, ಎಸಿ ರಿಪೇರಿ ಅಂಗಡಿಯಿಂದ ಕೇಳಿ ತಂದ ಥರ್ಮೋಸ್ಟಾಟ್. ಕೋಣೆಯ ಸೆಕೆ ಮೂವತ್ತು ಡಿಗ್ರಿ ದಾಟಿದರೆ ತಂತಿಗಳು ಕೂಡಿಕೊಂಡು, ಮೊಬೈಲಿನಲ್ಲಿ ಹೆಂಡತಿಯ ನಂಬರು ಇಟ್ಟಿರುವ ಎರಡನೇ ಗುಂಡಿಯನ್ನು ಯಾರೋ ಒತ್ತಿ ಹಿಡಿದಂತಾಗುತ್ತದೆ. ಆಗ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕುಯ್ಯುವ ಹೆಂಡತಿ ಚಿಕ್ಕಲಕ್ಷ್ಮಮ್ಮನವರ ಸೊಂಟದಲ್ಲಿ ಇನ್ನೊಂದು ಮೊಬೈಲು ಬಡಿದುಕೊಳ್ಳುತ್ತದೆ. ಎತ್ತಬೇಕಿಲ್ಲ. ಓಡಿ ಬಂದು ಕಿಟಕಿಯ ಗೋಣಿತಾಟಿಗೆ ನೀರು ಚಿಮುಕಿಸಿದರೆ ಸಾಕು.

ಬೋರಲಿಂಗಯ್ಯ ಹಾರೋಹಳ್ಳಿಯ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಮೊದಲ ಪಾಳಿಯ ಆಪರೇಟರ್. ಗೇಟಿನಲ್ಲೇ ಮೊಬೈಲು ಇಸಿದುಕೊಳ್ಳುತ್ತಾರೆ. ಮಧ್ಯಾಹ್ನದವರೆಗೆ ಮನೆಯ ಸುದ್ದಿ ತಿಳಿಯದು. ಕೈಗೆ ಸಿಕ್ಕಿದ ಯಂತ್ರವನ್ನೆಲ್ಲ ಬಿಚ್ಚಿ ನೋಡುವ ಚಟ ಇವರಿಗೆ ಐಟಿಐ ಅರ್ಧಕ್ಕೆ ಬಿಟ್ಟ ಕಾಲದ್ದು. ಈ ಡಬ್ಬಿ ಇಪ್ಪತ್ತೊಂದನೇ ಪ್ರಯತ್ನ. ಮೊದಮೊದಲು ಕೀಪ್ಯಾಡ್ ತಾನಾಗಿ ಲಾಕ್ ಆಗುತ್ತಿತ್ತು. ಆಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಬ್ಲೀಚಿಂಗ್ ಪೌಡರಿನ ಮೂಟೆಯ ಪಕ್ಕ ಇಟ್ಟು ನೋಡಿದಾಗ ತಂತಿಗಳಿಗೆ ಹಸಿರು ಕಿಲುಬು ಹಿಡಿಯಿತು. ಎಲ್ಲ ಸರಿಹೋಯಿತೆನ್ನುವಾಗ ಕರೆನ್ಸಿ ಮುಗಿದಿತ್ತು.

ಪಕ್ಕದ ತೋಟದ ನರಸಯ್ಯ ಇವರನ್ನು ಕಂಡಾಗಲೆಲ್ಲ ಕೆಣಕುತ್ತಾರೆ. "ಏನ್ಲಾ ಬೋರ, ನಿನ್ ಹುಳ ಫೋನ್ ಮಾಡಿ ಸೊಪ್ಪು ಕೇಳ್ತಾವೇನ್ಲಾ?"

"ನಿನ್ ನಂಬ್ರನೇ ಕೊಟ್ಟಿವ್ನಿ ಕಣ್ಲಾ. ತಂದಾಕು!"

ನಗುವ ಬೋರಲಿಂಗಯ್ಯ ಸೊಳ್ಳೆಯ ಮಾತು ಬಂದರೆ ತಲೆ ತಗ್ಗಿಸುತ್ತಾರೆ. ಹೋದ ವರ್ಷ ಪುಷ್ಯದ ಚಳಿಗೆ ಎಳೆಹುಳ ಬೆಚ್ಚಗಿರಲೆಂದು, ಸೊಳ್ಳೆ ಮ್ಯಾಟ್ ಕಾಯಿಸುವ ಹಳೇ ಮಿಷನ್ನಿನ ಬಿಸಿಯಾಗುವ ತಗಡು ಕಳಚಿ, ಕರೆಂಟು ಕೊಟ್ಟು ಹುಳದ ತಟ್ಟೆಯ ಕೆಳಗೆ ಇಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಹುಳಗಳು ತಲೆ ತೂಗುತ್ತ ಹಸಿರು ಕಕ್ಕುತ್ತಿದ್ದವು.

"ನಾನು ಬಿಸಿ ಒಂದ್ನೇ ನೋಡ್ದೆ. ಆ ತಗಡು ವರ್ಸಾನುಗಟ್ಲೆ ಸೊಳ್ಳೆ ಔಸ್ದಿ ಕುಡ್ಕಂಡು ಕುಂತೈತೆ ಅಂತ ತಲೆಗೇ ಬರ್ನಿಲ್ಲ," ಎನ್ನುತ್ತಾರೆ.

ಅಂದು ಚಿಕ್ಕಲಕ್ಷ್ಮಮ್ಮ ಬಯ್ಯಲಿಲ್ಲ. ತಟ್ಟೆಗಳನ್ನು ಒಬ್ಬರೇ ಹೊತ್ತು ತಿಪ್ಪೆಯಾಚೆ ಗುಂಡಿ ತೋಡಿ ಹುಳ ಮುಚ್ಚಿದರು, ಗೋಡೆ ಉಜ್ಜಿದರು. ಆಮೇಲೆ ಆರು ಸಲ ರೇಷ್ಮೆಗೂಡಿನ ಬೆಳೆ ತೆಗೆದರು. ಗಂಡನ ಒಂದು ತಂತಿಯೂ ಹೊಸ್ತಿಲು ದಾಟಲಿಲ್ಲ. ಕೊನೆಯ ಬೆಳೆಯಲ್ಲಿ, ಚಿಕ್ಕಲಕ್ಷ್ಮಮ್ಮ ತೋಟದಲ್ಲಿದ್ದಾಗ, ಮಧ್ಯಾಹ್ನದ ಸೆಕೆಗೆ ಅರ್ಧ ಹುಳ ಬಾಡಿದವು. ಅದಕ್ಕೇ ನಿನ್ನೆ ಅವರ ಬಾಯಿಂದ ಒಂದು ಮಾತು ಬಂದಿದೆ: "ಒಂದಿನ ಇಕ್ಕಿ ನೋಡನ."

ಹುಳಕ್ಕೆ ಸೋಂಕು ತಗುಲದಂತೆ ಸುಣ್ಣದ ನೀರಿನಲ್ಲಿ ಕಾಲದ್ದಿಕೊಂಡು ಚಿಕ್ಕಲಕ್ಷ್ಮಮ್ಮ ಬಾಗಿಲಿಗೆ ಬರುತ್ತಾರೆ. ಹುಳಗಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿವೆ. ಒಳಗಿನಿಂದ ಸೊಪ್ಪು ಮೇಯುವ ಸದ್ದು ಹನಿಮಳೆಯಂತೆ ಕೇಳುತ್ತಿದೆ.

"ಕೊಡಿ ಇಲ್ಲಿ."

ಡಬ್ಬಿಯನ್ನು ಮೂಗಿಗೆ ಹಿಡಿದು ಮೂಸುತ್ತಾರೆ. ತಿರುಗಿಸಿ ಇನ್ನೊಮ್ಮೆ ಮೂಸುತ್ತಾರೆ.

"ಹೊಸದು ಕಣಮ್ಮಿ, ಡಬ್ಬಿ."

"ನೀವು ಸುಮ್ಕಿರಿ ಒಸಿ."

ಇನ್ನೂ ಒಂದು ಸಲ ಮೂಸಿ, ಅವರೇ ಒಳಗೆ ಒಯ್ದು ಮೊಳೆಗೆ ನೇತುಹಾಕುತ್ತಾರೆ. ಬೋರಲಿಂಗಯ್ಯ ಬೈಕು ಹತ್ತುತ್ತಾರೆ.

ಆ ಪಾಳಿ ಉದ್ದವಾಗುತ್ತದೆ. ಮೂರೂವರೆಗೆ ಊರು ಮುಟ್ಟಿದಾಗ ಕಿಟಕಿಯ ಗೋಣಿತಾಟಿನಿಂದ ನೀರು ತೊಟ್ಟಿಕ್ಕುತ್ತಿದೆ.

"ಫೋನು ಬಡ್ಕಂತಾ?"

"ಎರಡು ಸಲ."

"ಹುಳ?"

"ತಿಂತಾವೆ." ಚಿಕ್ಕಲಕ್ಷ್ಮಮ್ಮ ಸೊಪ್ಪಿನ ಹೊರೆ ಬಿಚ್ಚುತ್ತಾರೆ. "ಡಬ್ಬಿ ಅಲ್ಲೇ ಇರ್ಲಿ. ಇನ್ನ ಬಿಚ್ಚಕ್ಕೆ ಹೋಗ್ಬೇಡಿ."

ಬೋರಲಿಂಗಯ್ಯ ತಲೆಯಾಡಿಸಿ ಹೊರೆಯ ಇನ್ನೊಂದು ತುದಿ ಹಿಡಿಯುತ್ತಾರೆ. ಆ ತಗಡಿನ ಕತೆಯನ್ನು ಅವರು ಕಾರ್ಖಾನೆಯಲ್ಲಿ ಹೇಳಿದ್ದಾರೆ, ನರಸಯ್ಯನ ಮುಂದೆ ಹೇಳಿದ್ದಾರೆ, ದಾರಿಹೋಕರು ಕೇಳಿದರೂ ಹೇಳುತ್ತಾರೆ. ತನ್ನಿಂದ ತಪ್ಪಾಯಿತು ಎಂದು ಹೆಂಡತಿಗೆ ಮಾತ್ರ ಇವತ್ತಿನವರೆಗೂ ಹೇಳಿಲ್ಲ.