ಹೆಲ್ಮೆಟ್ ಹೊತ್ತು ಅಥಣಿಗೆ

ಬೆಳಗಿನ ಬಸ್ಸಿನಿಂದ ನಿಪ್ಪಾಣಿಯಲ್ಲಿ ಇಳಿದಾಗ ತಂಬಾಕಿನ ಘಾಟಿಗೆ ಸೀನು ಹಿಡಿಯಿತು. ಎಂಬತ್ತರ ದಶಕದ ಕೊನೆಯ ಮಾತು. ನಾನು ಚಿಕ್ಕೋಡಿಯಲ್ಲಿ ನರ್ಸು. ನಮ್ಮವರು ಅಥಣಿಯಲ್ಲಿ ತಾಯಿಯ ಜೊತೆಗಿದ್ದು ಕಾಳಿನ ಅಂಗಡಿ ನಡೆಸುತ್ತಿದ್ದರು. ಪ್ರತಿ ಐತವಾರ ಫಟಫಟಿ ಹತ್ತಿ ನನ್ನಲ್ಲಿಗೆ ಬರುತ್ತಿದ್ದವರು ಒಮ್ಮೆ ರಾಯಬಾಗದ ಹತ್ತಿರ, ರಸ್ತೆಗೆ ಚೆಲ್ಲಿದ್ದ ಕಬ್ಬಿನ ಮೇಲೆ ಜಾರಿ ಬಿದ್ದರು. ಮೊಣಕೈ ತರಚಿತ್ತು, ಅಷ್ಟೇ. ಆದರೆ ಅತ್ತೆ ಗಾಡಿಯ ಚಾವಿಯನ್ನು ಸೆರಗಿಗೆ ಗಂಟು ಹಾಕಿಕೊಂಡುಬಿಟ್ಟರು. ಹೆಲ್ಮೆಟ್ ಬಂದರೇನೇ ಚಾವಿ! ಆಮೇಲೆ ನಮ್ಮವರು ಬಸ್ಸಿನಲ್ಲಿ ಬಂದದ್ದು ಒಂದೇ ಸಲ. ಉಂಡು ಕೈತೊಳೆಯುವಷ್ಟರಲ್ಲಿ ಹೊರಡುವ ಹೊತ್ತಾಗಿತ್ತು. ಅವರನ್ನು ನೋಡಲು ಜೀವ ಹಾತೊರೆಯುತ್ತಿತ್ತು. ಯಾರ ಮುಂದೆ ಹೇಳಲಿ?

ಆ ದಿನವೇ ಅವರ ತಲೆಯನ್ನು ದಾರದಿಂದ ಅಳೆದಿಟ್ಟಿದ್ದೆ. ಈಗ ನಿಪ್ಪಾಣಿಯ ಹೆಲ್ಮೆಟ್ ಅಂಗಡಿಯವನು ಆ ದಾರ ನೋಡಿ ಹುಬ್ಬೇರಿಸಿದ. “ಬಿಗಿ ಇರಬೇಕ್ರಿ ವೈನಿ, ಗಲ್ಲಾ ಒತ್ತಬೇಕು. ಸಡಲ ಆದ್ರ ಬಿದ್ದಾಗ ಅದೊಂದ್ಕಡೆ, ತಲಿ ಒಂದ್ಕಡೆ. ಚಪ್ಪಲಿನೂ ಬ್ಯಾಡ್ರಿ, ಬೂಟ ಹಾಕಸ್ರಿ.” ನಾನು ದಾರವನ್ನೇ ನಂಬಿ ಎಲ್ಲಕ್ಕಿಂತ ದೊಡ್ಡ ಹೆಲ್ಮೆಟ್ಟನ್ನೂ ಚರ್ಮದ ಕೈಗವಸನ್ನೂ ಕೊಂಡೆ.

ಅಲ್ಲಿಂದಲೇ ಅಥಣಿಯ ಕಡೆಗೆ ಬಸ್ಸು ಹತ್ತಿ ಚಿಕ್ಕೋಡಿ ದಾಟುವಾಗ ಬಿಸಿಲೇರಿತ್ತು. ತೊಡೆಯ ಮೇಲಿನ ಹೆಲ್ಮೆಟ್ ನೋಡಿ ಕಂಡಕ್ಟರ್, “ಅಕ್ಕಾರ, ಈ ಕೂಸಿಗೆ ಅರ್ಧಾ ಟಿಕೇಟ್ ಹರೀಲೇನ್ರಿ?” ಎಂದ. ಬಸ್ಸೆಲ್ಲ ನಕ್ಕಿತು. ರಾಯಬಾಗದಲ್ಲಿ ಬಸ್ಸು ಬದಲಿಸುವ ಮೊದಲು ಮಿರ್ಚಿ ಭಜಿ ತಿಂದೆ.

ಅಥಣಿಯ ಮನೆಯಲ್ಲಿ ನಮ್ಮವರು ಹೆಲ್ಮೆಟ್ಟನ್ನು ತಾವು ಸದಾ ಹಾಕುವ ಬಿಳಿ ಟೊಪ್ಪಿಗೆಯ ಮೇಲೆಯೇ ಏರಿಸಿದರು. ಟೊಪ್ಪಿಗೆಯ ಏಣಿನ ಮೇಲೆ ಕೂತು ಅದು ಓಲಾಡಿತು. ಟೊಪ್ಪಿಗೆ ತೆಗೆಯಿರಿ ಎಂದೆ.

“ಹುಚ್ಚೀ, ಬರೇ ತಲ್ಯಾಗ ಓಣ್ಯಾಗ ಹೋದ್ರ ಮನ್ಯಾಗ ಯಾರೋ ಸತ್ತಾರಂತ ತಿಳೀತಾರ!”

ಅತ್ತೆ ತಾವೇ ಟೊಪ್ಪಿಗೆ ಕಿತ್ತು ಗೂಟಕ್ಕೆ ಹಾಕಿದರು. “ಸುಮ್ನ ಕುಂಡ್ರಲೇ. ಮಂದಿ ಏನರ ಅನ್ಲಿ, ನನಗ ನಿನ್ನ ತಲಿ ಬೇಕು.”

ಬರಿತಲೆಗೆ ಹಾಕಿದ ಹೆಲ್ಮೆಟ್ ಮೂಗಿನವರೆಗೂ ಇಳಿಯಿತು. “ಟೊಪಗಿ ಮ್ಯಾಲಿಂದ ಅಳತಿ ತಗೊಂಡೀಯೇನವಾ?” ಎಂದು ಅತ್ತೆ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು. ಬದಲಿಸಿ ತರುವವರೆಗೆ ಚಾವಿ ಗಂಟಿನಲ್ಲೇ ಇರುತ್ತದೆಂದು ಅವರು ಖಂಡಿತವಾಗಿ ಹೇಳಿದರು. ಬರಿತಲೆಯನ್ನು ಮತ್ತೆ ಅಳೆದೆ. ಅತ್ತೆ ಒಳಗೆ ಹೋದರು. ನಾನು ಅವರ ತಲೆಯಿಂದ ಕೈ ತೆಗೆಯಲು ಅವಸರ ಮಾಡಲಿಲ್ಲ.

ಸಂಜೆ ಹೆಲ್ಮೆಟ್ ಹಿಡಿದು ಬಸ್ಸು ಹತ್ತಿದೆ. ಕಳಿಸಲು ಬಂದಿದ್ದ ನಮ್ಮವರ ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಪರಿಚಯದ ಹಿರಿಯರೊಬ್ಬರು ಗಾಬರಿಯಾಗಿ, “ಯಾಕ್ರಿ, ಬರೇ ತಲ್ಯಾಗ? ಮನ್ಯಾಗ ಏನರ ಕೆಟ್ಟದ್ದಾತೇನು?” ಎಂದರು.

“ಇಲ್ರಿ ಕಾಕಾ,” ಎಂದರು ಇವರು, ನಿಲ್ದಾಣಕ್ಕೆಲ್ಲ ಕೇಳುವಂತೆ. “ಇನ್ನ ಪ್ರತಿ ಐತವಾರ ಹೆಂಡ್ತಿ ನೋಡಾಕ ಹೋಗಬೇಕಲ್ರಿ, ಬರೇ ತಲಿ ರೂಢಿ ಮಾಡ್ಕೊಳಾಕತ್ತೇನಿ.”

ಎಲ್ಲರೂ ನನ್ನತ್ತ ತಿರುಗಿದರು. ನಾನು ನಾಚಲಿಲ್ಲ. ಬಸ್ಸು ತಿರುವು ದಾಟುವವರೆಗೂ ಆ ಬರಿತಲೆಯನ್ನೇ ನೋಡುತ್ತಿದ್ದೆ.