ಹುಳುಗಳಿಗೆ ಏಸಿ ಬಿಟ್ಟುಕೊಟ್ಟವರು

"ಸಾರ್, ಕಾಲು ತೊಳ್ಕೊಂಡು ಒಳಕ್ಕೆ ಬನ್ನಿ, ಹುಳ ಐತೆ!"

ನಮ್ಮಜ್ಜಿ ಗದರಿದ್ದು ಇಂಜಿನಿಯರನ್ನು, ಅದೂ ಅವರದೇ ಟ್ರೈಲರಿನ ಬಾಗಿಲಲ್ಲಿ.

"ಆಯ್ತಮ್ಮ" ಎಂದು ಅವರು ಚೊಂಬು ಎತ್ತಿಕೊಂಡರು.

ಎಂಬತ್ತರ ದಶಕದ ಬೇಸಿಗೆಯದು. ಟೇಕಲ್ ಬಳಿ ನಮ್ಮ ಹೊಲದ ಪಕ್ಕ ಕೊಳವೆಬಾವಿ ಕೊರೆಸಲು ಬಂದಿದ್ದ ಅವರು, ತಾವು ವಾಸವಿದ್ದ ಟ್ರೈಲರಿನ ತಗಡು ಕೊಯ್ದು, ಜನರೇಟರಿನಿಂದ ಓಡುವ ಏಸಿ ಕೂರಿಸಿ ಎರಡು ದಿನವಾಗಿತ್ತಷ್ಟೆ. ಇತ್ತ ನಮ್ಮ ರೇಷ್ಮೆಹುಳುಗಳು ಸೆಕೆ ತಾಳದೆ ಸಾಯತೊಡಗಿದ್ದವು. ಅಜ್ಜಿ ಕೇಳಿದ್ದೇ ತಡ, ಅವರು ತಮ್ಮ ಮಂಚವನ್ನು ಹೊರಗೆಳೆದು ಹುಳುವಿನ ತಟ್ಟೆಗಳಿಗೆ ಜಾಗ ಮಾಡಿಕೊಟ್ಟರು. ಹುಳುಗಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುವವರೆಗೂ ಹುಣಸೆಮರದಡಿಯೇ ಮಲಗಿದರು.

ಈಗ ನಮ್ಮ ಮನೆಗೂ ಏಸಿ ಬಂದಿದೆ. ಆ ಕೋಣೆಗೆ ಹೋಗುವ ಮುನ್ನ ನಾನು ಕಾಲು ತೊಳೆಯುತ್ತೇನೆ. ಮೊಮ್ಮಗಳು ನಗುತ್ತಾಳೆ. ನಗಲಿ ಬಿಡಿ.