ಕ್ಲಾರಿನೆಟ್ ಕಾಕಾನ ಹಲ್ಲು

ಕಾಕಾನ ಮೇಲಿನ ಎರಡು ಮುಂದಿನ ಹಲ್ಲುಗಳ ತುದಿ ಸವೆದು ಸಣ್ಣ ತಗ್ಗು ಬಿದ್ದಿತ್ತು. ವರ್ಷಗಟ್ಟಲೆ ಕ್ಲಾರಿನೆಟ್ ಕಚ್ಚಿ ಊದಿದ ಗುರುತು. ಕೆಳತುಟಿಯ ಒಳಗೂ ಜಡ್ಡುಗಟ್ಟಿತ್ತು. "ಹೊಲ ಮಾಡಾವ್ರಿಗೆ ಅಂಗೈಯಾಗ ಇರತೈತಿ, ನನಗ ತುಟಿಯಾಗ ಐತಿ ನೋಡ್ರಿ ಅಕ್ಕೋರ" ಎಂದು ತುಟಿ ಮಗುಚಿ ತೋರಿಸುತ್ತಿದ್ದರು. ನಾನು ಶಾಲೆಯಲ್ಲಿ ಕಲಿಸುವವಳಾದ್ದರಿಂದ, ಮಗಳ ವಯಸ್ಸಿನವಳಾದರೂ ಅವರಿಗೆ ಅಕ್ಕೋರು.

ಬೈಲಹೊಂಗಲದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಎದ್ದು ಆ ಗೋಡೆಗೆ ಮುಖ ಮಾಡಿ, "ಉಧೋ ಯಲ್ಲವ್ವಾ" ಎಂದು, ಓಣಿಯವರ ನಿದ್ದೆ ಕೆಡದಂತೆ ಮೆಲ್ಲಗೆ ಊದುತ್ತಿದ್ದರು. ಡಿಜೆ ಬಂದು ಬ್ಯಾಂಡ್ ಕಂಪನಿಗಳೆಲ್ಲ ಮುಚ್ಚುತ್ತಿದ್ದರೂ ಸಂಗೊಳ್ಳಿ, ಎಂ.ಕೆ. ಹುಬ್ಬಳ್ಳಿ ಕಡೆಯ ಕೆಲವು ಮನೆಯವರು ಕಾಕಾ ಬರುವುದಾದರೆ ಮದುವೆಗೆ ಬ್ಯಾಂಡೇ ಇರಲಿ ಅನ್ನುತ್ತಿದ್ದರು. ಹುಣ್ಣಿಮೆ ಬಂದರೆ ಸವದತ್ತಿಯ ಯಲ್ಲವ್ವನ ಗುಡ್ಡ ಹತ್ತುವುದನ್ನು ಮಾತ್ರ ಯಾವ ಮದುವೆಗೂ ತಪ್ಪಿಸುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಒಸಡಿಗೆ ಇಳಿದಾಗ ಹಲ್ಲು ಅಲುಗಾಡತೊಡಗಿದವು. ಲವಂಗದೆಣ್ಣೆ ಹತ್ತಿಗೆ ಹಚ್ಚಿ ಒತ್ತಿಟ್ಟುಕೊಂಡು ಮದುವೆಗೆ ಹೋಗುತ್ತಿದ್ದರು. ಹೆಂಡತಿ ಕಾಕೂನ ಕಾಟ ತಾಳದೆ ಒಮ್ಮೆ ನನ್ನ ಸ್ಕೂಟಿ ಹತ್ತಿ ಹಲ್ಲಿನ ದವಾಖಾನೆಗೆ ಬಂದರು. ಒಳಗೆ ಮಷೀನು ಕೊರೆಯುವ ಸದ್ದು ಕೇಳಿಸುತ್ತಿತ್ತು. ನಾನು ಹೆಸರು ಬರೆಸಿ ತಿರುಗುವಷ್ಟರಲ್ಲಿ ಮನುಷ್ಯ ಇಲ್ಲ. ಹುಡುಕುತ್ತ ಹೋದರೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ, ಎರಡೂ ಕೈ ತೊಡೆಯ ನಡುವೆ ಒತ್ತಿಕೊಂಡು ಕುಳಿತಿದ್ದರು.

"ಸೂಜಿಗೆ ಅಂಜಿಲ್ರಿ ಅಕ್ಕೋರ. ಆ ಕುರ್ಚಿಗೆ ಅಂಜತೇನಿ. ಅದರ ಮ್ಯಾಲಿಂದ ಎದ್ದು ಬರಾಂವ ನಾ ಆಗಿರಂಗಿಲ್ಲ."

ಸ್ಕೂಟಿ ತಿರುಗಿಸಿ ಹಿಂದೆ ಕೂರಿಸಿಕೊಂಡೆ. ಮನೆಗೆ ಕರೆದುಕೊಂಡು ಬಂದೆ.

ಮುಂದಿನ ತಿಂಗಳು ಮುಖ ಬಾತು ಒಂದು ಕಣ್ಣು ಮುಚ್ಚಿಹೋಯಿತು. ಮೈ ಸುಡುತ್ತಿತ್ತು. ಈ ಸಲ ಓಡಿಹೋಗುವ ತ್ರಾಣವೇ ಇರಲಿಲ್ಲ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಕೀವು ತುಂಬೇತ್ರಿ ಕಾಕಾರ. ಮುಂದಿನ ಹಲ್ಲೆಲ್ಲಾ ತೆಗೀಬೇಕು. ಬಿಟ್ರ ಜೀವಕ್ಕ ಬರತೈತಿ" ಎಂದರು. ಕಾಕಾ ಬಾಯಿ ತೆರೆಯಲಿಲ್ಲ. ಕುರ್ಚಿಯ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದರು. ಬಿಗಿದ ಹಲ್ಲುಗಳ ಸಂದಿಯಿಂದಲೇ ಯಲ್ಲವ್ವನನ್ನು ಬೇಡುತ್ತಿದ್ದರು: "ಉಳಸವ್ವಾ... ಇವಷ್ಟು ಉಳಸವ್ವಾ..."

ಡಾಕ್ಟರು ಸಿರಿಂಜು ಕೆಳಗಿಟ್ಟು ಕಾದರು. ಸ್ವಲ್ಪ ಹೊತ್ತಿಗೆ ಆ ಬೇಡಿಕೆ ನಿಂತಿತು. ತುಟಿ ಮಾತ್ರ ಅಲುಗುತ್ತಿತ್ತು: ಯಲ್ಲವ್ವಾ, ಯಲ್ಲವ್ವಾ. ನೋಡನೋಡುತ್ತ ಬೆರಳುಗಳು ಸಡಿಲವಾದವು, ಎದೆಯ ಏರಿಳಿತ ತಗ್ಗಿತು. ಯಾರೂ ಹೇಳದೆ ತಾವೇ ಬಾಯಿ ತೆರೆದರು.

ನಾಲ್ಕು ದಿನ ಕಳೆದ ಮೇಲೆ, ಬೊಚ್ಚುಬಾಯಿಗೆ ಟವೆಲ್ ಅಡ್ಡ ಹಿಡಿದು ಹೇಳಿದರು: "ಬೇಡೂತನಕ ಅಂಜಿಕಿ ಹೋಗಲಿಲ್ರಿ. ಕೊಡತಾಳೋ ಇಲ್ಲೋ ಅಂತ ಅದಽ ಒಂದ ಅಂಜಿಕಿ. ಬೇಡೂದು ಬಿಟ್ಟು ಬರೇ ಹೆಸರ ಹಿಡದೆ. ಆಗ ತಣ್ಣಗಾತು."

ಆಮೇಲೆ ಹಲ್ಲಿನ ಸೆಟ್ ಹಾಕಿಸಿಕೊಂಡರು. ರೊಟ್ಟಿ ತಿನ್ನಲು ಬಂತು, ಊದಲು ಬರಲಿಲ್ಲ. ಗೋಡೆಯಾಚೆಯಿಂದ ಮೊದಲು ಒಡೆದ ಸ್ವರ ಕೇಳಿಸುತ್ತಿತ್ತು. ಬರುಬರುತ್ತ ಬರೀ ಗಾಳಿ ಸೋರುವ ಸದ್ದು. ನಾನು ಚಹಾ ಕಾಸುವುದನ್ನು ಬಿಟ್ಟು, ಈಗಲಾದರೂ ಒಂದು ಸ್ವರ ನಿಂತೀತೇನೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಅದೂ ಇಲ್ಲವಾಯಿತು. ಕ್ಲಾರಿನೆಟ್ಟನ್ನು ರಾಮದುರ್ಗದ ಬ್ಯಾಂಡಿನವನೊಬ್ಬನಿಗೆ ಕೊಟ್ಟುಬಿಟ್ಟಿದ್ದರು.

ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವುದನ್ನೂ ಬಿಟ್ಟರು. ಯಾಕೆ ಕಾಕಾ ಎಂದು ಕೇಳಿದೆ.

"ಹೋಗಿ ಏನ್ ಹೇಳ್ಲಿ? ಆವತ್ತ ಶಾಂತಿ ಕೊಟ್ಲು, ಅದನ್ನ ಸುಳ್ಳ ಅನ್ನಂಗಿಲ್ಲ. ಆದ್ರ ಅದು ಆ ಕುರ್ಚಿ ಮ್ಯಾಲ ಕುಂತಷ್ಟ ಹೊತ್ತಿಂದು, ಅಕ್ಕೋರ. ಮನಿಗೆ ತರಾಕ ಬರಲಿಲ್ಲ."

ಹೋದ ದೀಪಾವಳಿಯ ಹೊತ್ತಿಗೆ ನನ್ನ ದವಡೆ ಹಲ್ಲು ಕೆಟ್ಟು ಅದೇ ಕುರ್ಚಿಯಲ್ಲಿ ಮಲಗಿದಾಗ ನಾನೂ ಅಂಜಿದ್ದೆ. ನಾನು ಅಂಥ ದೈವಭಕ್ತೆಯಲ್ಲ. ಆದರೂ ಏನನ್ನೂ ಕೇಳದೆ ಆ ಹೆಸರನ್ನೇ ಹಿಡಿದೆ, ಎದೆಬಡಿತ ಇಳಿಯಿತು. ಕಾಕಾನಿಂದ ನನಗೆ ಬಂದದ್ದು ಇದು. ಅವರಿಗೇ ಸಾಲದೆ ಹೋದದ್ದು ನನಗೆ ಒದಗಿತಲ್ಲ ಎಂದು ಮನೆಗೆ ಬಂದು ಆ ಗೋಡೆಗೆ ಒರಗಿ ಕುಳಿತೆ. ಗೋಡೆಯಾಚೆ ಅವರು ಕೆಮ್ಮುತ್ತಿದ್ದರು. ಹೋಗಿ ಹೇಳುವ ಧೈರ್ಯ ಆಗಲಿಲ್ಲ.

ಬೇಸಿಗೆಯಲ್ಲಿ ಅವರ ಕಾಲಿಗಾದ ಗಾಯ ಮಾಯಲಿಲ್ಲ. ಬೆಳಗಾವಿಗೆ ಒಯ್ದರು, ಅಲ್ಲಿಯ ಡಾಕ್ಟರು ಇನ್ನು ಆಗದೆಂದು ಮನೆಗೆ ಕಳಿಸಿದರು. ಒಂದು ಮಧ್ಯಾಹ್ನ ಹೋಗಿಬಿಟ್ಟರು.

ಮಣ್ಣಿಗೆ ಹಳೆಯ ಬ್ಯಾಂಡಿನವರೆಲ್ಲ ಕೆಂಪು ಅಂಗಿ ತೊಟ್ಟು ಬಂದು ಬಾಗಿಲ ಮುಂದೆ ಸಾಲಾಗಿ ನಿಂತರು. ಊದಲು ಉಸಿರು ಎಳೆದುಕೊಂಡಿದ್ದರು. ಅಷ್ಟರಲ್ಲಿ ಕಾಕೂ ಹೆಣದ ಪಕ್ಕದಿಂದ ಎದ್ದು ಹೊಸ್ತಿಲಿಗೆ ಬಂದಳು.

"ಊದಬ್ಯಾಡ್ರಪಾ," ಎಂದು ಕೈಮುಗಿದಳು. "ಇವರಿಗೆ ಕೇಳಿಸಿದ್ರ ಸಂಕಟ ಆಕ್ಕೈತಿ."

ಅವರು ವಾದ್ಯಗಳನ್ನು ಬಗಲಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿ, ಹೆಣದ ಮುಂದೆ ಸುಮ್ಮನೆ ನಡೆದರು.